ತಳ್ಳಿಕೊಂಡೋ, ತುಳಿದುಕೊಂಡೋ

ಭಾವ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಹೀಗೆ ಬರೆದ ಕೂಡಲೇ ಅನುಮಾನ. ಬಂಗಾರಪೇಟೆಯಲ್ಲಿ ರೈಲಿಳಿದು ಆಗಷ್ಟೇ ಹೊರಬಂದಿದ್ದೆ. ಎದುರಿನ ಹೋಟೆಲಿಗೆ ಹಾಲು ಹಾಕಿ, ಖಾಲಿ ಕ್ಯಾನುಗಳ ಸೈಕಲ್ಲಿನೊಂದಿಗೆ ಅಕ್ಕನ ಗಂಡ ರಸ್ತೆ ದಾಟುವ ಬಿಳಿ ಪಟ್ಟೆಗಳ ಮೇಲೆ ನನ್ನ ಕಡೆಗೇ ಬರುತ್ತಿದ್ದರು. ಪಕ್ಕದಿಂದ ಬಂದ ಕಾರೊಂದು ನಿಲ್ಲಲಿಲ್ಲ. ಕ್ಯಾನು ಉರುಳಿದ ಸದ್ದು ಮೊದಲು ಕೇಳಿತೋ, ಭಾವ ಬಿದ್ದದ್ದು ಮೊದಲು ಕಂಡಿತೋ, ಈಗ ಹೇಳಲಾರೆ.

ಆಸ್ಪತ್ರೆಯಲ್ಲಿ, ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ ಎಂದರು. ಕಟ್ಟು ಹಾಕುವ ಮುಂಚೆಯೇ ಹೇಳಿಕೆ ಬರೆದುಕೊಳ್ಳಲು ಪೊಲೀಸಿನವರು ಬಂದರು.

“ಯಜಮಾನ್ರೇ, ಸೈಕಲ್ ಮೇಲಿದ್ರೋ, ತಳ್ಕೊಂಡು ಬತ್ತಿದ್ರೋ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮುರಿದ ಕಾಲು ಕಣ್ಣೆದುರಿಗೇ ಇತ್ತು.

“ಯೋಚ್ನೆ ಮಾಡಿ ಯೋಳಿ,” ಎಂದರು ಅವರು. “ತಳ್ಕೊಂಡು ಬಂದ್ರೆ ನಡೆಯೋರ ಲೆಕ್ಕ, ಪಟ್ಟೆ ನಿಮ್ದು. ತುಳ್ಕೊಂಡು ಬಂದ್ರೆ ನೀವೂ ಒಂದು ಗಾಡಿ. ನಾಳೆ ಪರಿಹಾರ ಕೇಳೋವಾಗ ತಪ್ಪು ನಿಮ್ದೂ ಐತೆ ಅಂತಾರೆ.”

ನಮ್ಮ ಊರಿನ ಕಡೆ ಸೈಕಲ್ ತಳ್ಳಿಕೊಂಡು ಹೊರಟವನನ್ನು ಎದುರು ಸಿಕ್ಕವರೆಲ್ಲ ಪಂಚರಾ ಎಂದು ಕೇಳುತ್ತಾರೆ. ಸೈಕಲ್ ಇದ್ದೂ ನಡೆಯುವುದು ನಗೆಪಾಟಲು. ನೋವಿಗೆ ಮುಖ ಬಿಳಿಚಿದ್ದರೂ ಭಾವನಿಗೆ ರೇಗಿತು.

“ತಳ್ಳಾಕೆ ಪಂಚರ್ ಆಗಿತ್ತಾ ಸಾ? ತುಳ್ಕೊಂಡೇ ಬಂದೆ.”

“ಭಾವ, ಇಳಿದಿದ್ರಲ್ಲ ನೀವು,” ಎಂದೆ.

“ನೀನ್ ಸುಮ್ಕಿರ್ಲಾ. ತುಂಬಿದ್ ಕ್ಯಾನ್ ಇದ್ರೂ ಇಳಿಯೋನಲ್ಲ ನಾನು, ಖಾಲಿ ಕ್ಯಾನ್‌ಗೆ ಇಳೀತೀನಾ?”

ಪೊಲೀಸಿನವರು ನನ್ನ ಕಡೆ ತಿರುಗಿದರು. “ನೀವ್ ಏನ್ ನೋಡುದ್ರಿ?”

ಕಣ್ಣು ಮುಚ್ಚಿದೆ. ಒಂದು ಸಲ ಭಾವ ಸೀಟಿನ ಮೇಲಿದ್ದರು. ಇನ್ನೊಂದು ಸಲ ಹ್ಯಾಂಡಲ್ ಹಿಡಿದು ನಡೆಯುತ್ತಿದ್ದರು. ಮತ್ತೊಂದು ಸಲ ಒಂದು ಕಾಲು ಪೆಡಲಿನ ಮೇಲಿತ್ತು, ಇನ್ನೊಂದು ಬಿಳಿ ಪಟ್ಟೆಯನ್ನು ಒದೆಯುತ್ತಿತ್ತು, ಹತ್ತುವ ಮುಂಚೆ ಎಲ್ಲರೂ ನೆಲ ಒದೆಯುತ್ತಾರಲ್ಲ, ಹಾಗೆ. ಅದೇ ನಿಜವೆನ್ನಿಸಿತು, ಅದನ್ನೇ ಹೇಳಿದೆ.

“ಅದು ಎರಡ್ರಲ್ಲಿ ಯಾವ್ದು ಸಾರ್?”

ಅದೇ ಪಟ್ಟೆ, ಅದೇ ಕಾರು, ಅದೇ ಮನುಷ್ಯ. ಒಂದು ಕಾಲು ಎಲ್ಲಿತ್ತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ ಎಂದು ಆಗ ಹೊಳೆಯಿತು.

“ಕುಂಟ್ಕೊಂಡ್ ಬಂದೆ ಅಂತ ಬರೀಬ್ಯಾಡಿ ಸಾ,” ಎಂದು ಭಾವ ಪೆನ್ನಿಗೆ ಕೈಚಾಚಿದರು. “ತುಳ್ಕೊಂಡ್ ಬಂದೆ ಅಂತ್ಲೇ ಬರ್ಕಳಿ.”

ಹಾಗೆಯೇ ಬರೆದರು. ಭಾವ ದೊಡ್ಡದಾಗಿ ಸಹಿ ಹಾಕಿ, ತಲೆಯನ್ನು ದಿಂಬಿಗೆ ಒರಗಿಸಿ ನನ್ನನ್ನು ಕೇಳಿದರು.

“ನಾಳೆಯಿಂದ ಓಟ್ಲಿಗೆ ಆಲು ಯಾರ್ಲಾ ಆಕ್ತಾರೆ?”