ಇಬ್ಬರು ಸಾಕ್ಷಿಗಳ ನಿಯಮ

ನ್ಯಾಕುಮ್ವೆಂಡಾ ಹನ್ನೊಂದು ವರ್ಷ ಒಂದೇ ಮಾತು ಹಿಡಿದು ಚರ್ಚಿನ ಗಂಡಸರ ತಲೆ ತಿಂದಳು. ರುಂಫಿ ಜಿಲ್ಲೆಯ ಕಡೆಯ ಅವರ ಚರ್ಚುಗಳಲ್ಲಿ ಮದುವೆಯಾಗದ ಹುಡುಗಿ ಬಸುರಾದರೆ ನಾಲ್ಕು ಭಾನುವಾರ ಎಲ್ಲರ ಮುಂದೆ ನಿಲ್ಲಿಸಿ, ಪ್ರಭುಭೋಜನದಿಂದ ದೂರ ಇಡುತ್ತಿದ್ದರು. ಸಾಲದ್ದಕ್ಕೆ ಅವಳ ತಾಯಿಯಿಂದ ಮಹಿಳಾ ಸಂಘದ ಸದಸ್ಯೆಯ ಗುರುತಾದ ಬಿಳಿ ಕುಪ್ಪಸವನ್ನೂ ಕಿತ್ತುಕೊಳ್ಳುತ್ತಿದ್ದರು. ಬಸುರು ಮಾಡಿದ ಮಹಾರಾಯ ಮಾತ್ರ ಮುಂದಿನ ಬೆಂಚಿನಲ್ಲಿ ಕೂತು ಕೀರ್ತನೆ ಹಾಡುತ್ತಿದ್ದ. ಮಗಳು ಹಾಗೆ ಬಸುರಾದ ಕಾಲಕ್ಕೆ ನ್ಯಾಕುಮ್ವೆಂಡಾಳೂ ಎರಡು ವರ್ಷ ಕುಪ್ಪಸವಿಲ್ಲದೆ ಹಿಂದಿನ ಸಾಲಿನಲ್ಲಿ ಕೂತವಳೇ. ಮಗಳು ತೀರಿಕೊಂಡಳು. ಮೊಮ್ಮಗಳು ವಿತುಂಬಿಕೊ ಉಳಿದಳು, ಅಜ್ಜಿಯ ಹಟವೂ ಉಳಿಯಿತು.

ಪ್ರತಿ ಮಹಾಸಭೆಗೂ, ಬಸುರು ಮಾಡಿದವನಿಗೂ ಶಿಕ್ಷೆಯಾಗಲಿ ಎಂಬ ಹೆಂಗಸರ ಅರ್ಜಿ ಹೊತ್ತು ಹೋಗುವುದು, ಗಂಡಸರು ಚಹಾ ಕುಡಿದು ಮುಂದಿನ ವರ್ಷಕ್ಕೆ ತಳ್ಳುವುದು. ಹನ್ನೊಂದನೇ ಸಲ ಒಬ್ಬ ಮುದಿ ಹಿರಿಯ ಬಗ್ಗಿದ.

"ಆಯ್ತಮ್ಮ, ಹುಡುಗಿ ಯಾರ ಹೆಸರು ಹೇಳ್ತಾಳೋ ಅವನನ್ನೂ ಹೊರಗೆ ಹಾಕೋಣ. ಆದ್ರೆ ಕಣ್ಣಾರೆ ಕಂಡ ಇಬ್ಬರು ಬೇಕು. ಇಲ್ಲಾಂದ್ರೆ ನಾಳೆ ನನ್ನ ಹೆಸರೂ ಹೇಳ್ತೀರಿ."

"ಇಂಥದ್ದನ್ನ ಜನ ಕೂರಿಸ್ಕೊಂಡು ಮಾಡ್ತಾರಾ ಹಿರಿಯರೇ? ನಿಮ್ಮ ಬಗ್ಗೆ ಚಿಂತೆ ಬೇಡ, ವಯಸ್ಸೇ ಸಾಕ್ಷಿ."

ಸಭೆ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ಷರತ್ತನ್ನು ಆಮೇಲೆ ತೆಗೆಸಿದರಾಯಿತು, ಮೊದಲು ನಿಯಮ ಬರಲಿ ಎಂದುಕೊಂಡಳು. ಸುಳ್ಳು ದೂರಿಗೆ ಎರಡು ಪಟ್ಟು ಶಿಕ್ಷೆ ಎಂಬುದಕ್ಕೂ ತಲೆಯಾಡಿಸಿದಳು. ತೀರ್ಪಿನ ಕಾಗದಕ್ಕೆ ಸಂಘದ ಅಧ್ಯಕ್ಷೆಯ ಸಹಿ ಬೇಕೇ ಬೇಕು ಎಂದಾಗಲಂತೂ ಹಿಗ್ಗಿದಳು. ಅಧ್ಯಕ್ಷೆ ಅವಳೇ, ಹೆಂಗಸಿನ ಸಹಿಗೆ ಅಲ್ಲಿ ಬೆಲೆ ಬಂದದ್ದು ಅದೇ ಮೊದಲು.

ನಿಯಮ ಒಂದು ವರ್ಷದ ಪ್ರಯೋಗಕ್ಕೆಂದು ಜಾರಿಗೆ ಬಂತು. ಐದು ತಿಂಗಳಲ್ಲಿ ಬೇರೆ ಊರುಗಳ ಇಬ್ಬರು ಗಂಡಸರು ಸಾಕ್ಷಿ ಸಮೇತ ಸಿಕ್ಕಿಬಿದ್ದು ಹೊರಬಿದ್ದರು. ಆರನೇ ತಿಂಗಳು, ವಿತುಂಬಿಕೊಳ ಶಾಲೆಯ ಲಂಗದ ಸೊಂಟ ಬಿಡಿಸಲು ಕೂತ ಅಜ್ಜಿಗೆ ವಿಷಯ ಗೊತ್ತಾಯಿತು. ಹುಡುಗಿಗೆ ಆಗ ಹದಿನೈದು.

"ಯಾರು?"

"ನ್ಯಿರೊಂಗೊ ಹಿರಿಯರು. ಹಾಡೋರ ಬಟ್ಟೆ ಇಡೋ ಕೋಣೇಲಿ. ಬೇಡ ಅಂದೆ ಅಜ್ಜಿ."

ನ್ಯಿರೊಂಗೊ ಎಂದರೆ ಊರಿನ ಚರ್ಚಿನ ಹಿರಿಯರ ಸಭೆಯ ಕಾರ್ಯದರ್ಶಿ.

"ಯಾರಾದ್ರೂ ನೋಡಿದ್ರಾ ಮಗಾ?"

ಕೇಳಿದ ಮೇಲೆ ಅಜ್ಜಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಬಾಗಿಲು ಹಾಕಿದ್ರು."

ಪೊಲೀಸರ ಮಾತೇ ಇರಲಿಲ್ಲ. ಚರ್ಚಿನ ವಿಷಯವನ್ನು ಹೊರಗೆ ಒಯ್ದವಳ ಹೆಣಕ್ಕೆ ಆ ಊರಿನಲ್ಲಿ ಹಾಡುವವರು ಸಿಗುವುದಿಲ್ಲ. ಸಾಕ್ಷಿಯಿಲ್ಲದಿದ್ದರೂ ತನ್ನ ಮಾತಿಗೆ ಬೆಲೆ ಕೊಟ್ಟಾರು ಎಂದು ಅಜ್ಜಿ ದೂರನ್ನು ಹಿರಿಯರ ಸಭೆಗೇ ಒಯ್ದಳು. ನಿಯಮವನ್ನು ಓದಿದವನು ನ್ಯಿರೊಂಗೊನೇ, ಗಂಟಲು ಸರಿಮಾಡಿಕೊಂಡು, ಒಂದಕ್ಷರ ತಪ್ಪದೆ.

"ನಿಮ್ಮದೇ ನಿಯಮ, ನ್ಯಾಕುಮ್ವೆಂಡಾ. ಇಬ್ಬರು ಸಾಕ್ಷಿ ಎಲ್ಲಿ? ಇಲ್ಲಾಂದ್ರೆ ಸುಳ್ಳು ದೂರು ಅಂತ ಸಹಿ ಹಾಕಿ."

"ಮಗು ಸುಳ್ಳು ಹೇಳಲ್ಲ."

"ಸ್ವಂತದವಳಿಗೆ ಬೇರೆ ನಿಯಮಾನಾ? ಮಾಡಿ ಮಾಡಿ. ಮುಂದಿನ ಮಹಾಸಭೇಲಿ ಬುಡ ಸಮೇತ ಕಿತ್ತು ಹಾಕ್ತೀವಿ."

ಹನ್ನೊಂದು ವರ್ಷ ಕಣ್ಣಮುಂದೆ ಬಂತು. ಇನ್ನೂ ಹುಟ್ಟದ ಎಷ್ಟೋ ಹುಡುಗಿಯರೂ ಬಂದರು. ಬಾಗಿಲ ಬಳಿ ನಿಂತಿದ್ದ ಒಬ್ಬಳೇ ಒಬ್ಬಳನ್ನು ನೋಡದೆ ಸಹಿ ಹಾಕಿದಳು. ಸಹಿ ದುಂಡಗೆ, ಸ್ಪಷ್ಟವಾಗಿ ಬಿತ್ತು, ಅದಕ್ಕಾಗಿ ಅವಳು ಸಾಯುವ ತನಕ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ವಿತುಂಬಿಕೊ ಎಂಟು ಭಾನುವಾರ ಎಲ್ಲರ ಮುಂದೆ ನಿಂತಳು. ಬರೀ ಬಸುರಾದವಳಿಗೆ ನಾಲ್ಕಾದರೆ ಸುಳ್ಳುಗಾತಿಗೆ ಎಂಟು. ತಾಯಿಯಿಲ್ಲದ ಹುಡುಗಿ, ಹಾಗಾಗಿ ಕಿತ್ತುಕೊಳ್ಳಲು ಕುಪ್ಪಸವಿರಲಿಲ್ಲ. ಅಜ್ಜಿಯದನ್ನು ಅವಳಿಗೇ ಬಿಟ್ಟು ಗಂಡಸರು ದೊಡ್ಡ ಮನಸ್ಸು ತೋರಿಸಿದರು. ಮಳೆಗಾಲಕ್ಕೆ ಹೆಣ್ಣು ಕೂಸು ಹುಟ್ಟಿತು.

ಆ ವರ್ಷದ ಮಹಾಸಭೆಯಲ್ಲಿ ಅದೇ ಮುದಿ ಹಿರಿಯ ಎದ್ದು ನಿಂತ. "ಸ್ವಂತ ಮೊಮ್ಮಗಳನ್ನೂ ಬಿಡಲಿಲ್ಲ ಈ ತಾಯಿ. ನಿಯಮ ಪಾಲಿಸೋದು ಅಂದ್ರೆ ಇದು." ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಸಾಕ್ಷಿಯ ಷರತ್ತು ಸಮೇತ ನಿಯಮ ಶಾಶ್ವತವಾಯಿತು. ನ್ಯಾಕುಮ್ವೆಂಡಾ ಎದ್ದು ಕೃತಜ್ಞತೆ ಹೇಳಿದಳು, ಹೇಳದೆ ವಿಧಿಯಿರಲಿಲ್ಲ.

ಮನೆಗೆ ಬಂದಾಗ ವಿತುಂಬಿಕೊ ಅಂಗಳದಲ್ಲಿ ಜೋಳ ಕುಟ್ಟುತ್ತಿದ್ದಳು. ಕೂಸು ಬೆನ್ನಿಗಿತ್ತು.

"ಇಬ್ಬರು ಸಾಕ್ಷಿ ಅನ್ನೋದನ್ನ ತೆಗೆದ್ರಾ ಅಜ್ಜಿ?"

"ಇಲ್ಲ ಮಗಾ. ಮುಂದಿನ ಸಲ."

ಹುಡುಗಿ ಒನಕೆ ಕೆಳಗಿಟ್ಟಳು. ಅಜ್ಜಿ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ವಿತುಂಬಿಕೊ ಬೆನ್ನಿನ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಒಳಗೆ ಹೋದಳು.