ಬಾಣಂತಿಗೆ ಅಳೆದು ಕೊಟ್ಟ ನೀರು

ತವರಿನಲ್ಲಿ ಅವ್ವ ಇರಲಿಲ್ಲ. ಹಾಗಾಗಿ ನನ್ನ ಚೊಚ್ಚಲ ಬಾಣಂತನ ಗಂಡನ ಊರು ಗದ್ವಾಲದಲ್ಲಿ, ಅತ್ತೆಯ ಕೈಯಲ್ಲೇ ಆಯಿತು. ಅತ್ತೆ ಮಖ್ತಲ್ ಕಡೆಯವರು, ನೇಕಾರರ ಮನೆಯ ಮಗಳು. ಹಸಿ ಅಂದರೆ ಅವರಿಗೆ ಆಗದು. ಗಂಜಿ ಹಾಕಿದ ನೂಲನ್ನು ಒಣಗಿಸುವಷ್ಟೇ ನಿಷ್ಠೆಯಿಂದ ನನ್ನನ್ನೂ ಒಣಗಿಸಿದರು.

"ಬಾಣಂತಿ ನೀರು ಕುಡಿದ್ರ ಹೊಟ್ಟಿ ಬರ್ತೈತಿ, ಕೂಸಿಗೆ ಥಂಡಿ ಆಗ್ತೈತಿ," ಎಂದು ಊಟಕ್ಕೊಂದು ಸಣ್ಣ ಲೋಟ ಬಿಸಿನೀರು, ಅಷ್ಟೇ. ಊರ ಹತ್ತಿರದ ಜೂರಾಲ ಅಣೆಕಟ್ಟಿನಲ್ಲಿ ಕೃಷ್ಣೆ ತುಂಬಿ ನಿಂತಿದ್ದಳು. ಬರಗಾಲ ನನ್ನ ಕೋಣೆಗೆ ಮಾತ್ರ. ತುಪ್ಪ, ಕೊಬ್ಬರಿ ಕೊಡುವಾಗ ಅವರು ಕೈ ಬಿಗಿ ಹಿಡಿದವರಲ್ಲ, ಸುಳ್ಳು ಹೇಳಬಾರದು.

ಮಗಳು ಅತ್ತಳು. "ಹಾಲು ಸಾಲವಲ್ದು," ಎಂದು ತೀರ್ಪು ಕೊಟ್ಟ ಅತ್ತೆ, ಮೇಕೆ ಹಾಲಿಗೆ ಧಾರಾಳವಾಗಿ ನೀರು ಬೆರೆಸಿ ಬಾಟಲಿ ತುಂಬಿದರು. ಆ ನೀರನ್ನು ನಾನು ಆಸೆಯಿಂದ ನೋಡಿದೆ. ಬಾಟಲಿ ಕುಡಿದು ಮಲಗಿದ ಮಗು ಎದೆಗೆ ಬಾಯಿ ಹಚ್ಚುವುದು ಕಡಿಮೆಯಾಯಿತು. ಅದಕ್ಕೆ ನನ್ನ ಹಾಲು ಕಡಿಮೆಯಾಯಿತು. ಅದಕ್ಕೆ ಇನ್ನೊಂದು ಬಾಟಲಿ ಬಂತು. ಪಕ್ಕದ ಮನೆಯಾಕೆಯ ದೃಷ್ಟಿ ತಾಕಿದೆ ಎಂದು ಅತ್ತೆ ಮೆಣಸಿನಕಾಯಿ ಸುಟ್ಟರು. ಪಕ್ಕದ ಮನೆಯಾಕೆ ಕೆಮ್ಮಿದಳು, ಹಾಲು ಮಾತ್ರ ಬರಲಿಲ್ಲ.

ಈಗ ನಗುತ್ತ ಬರೆಯುತ್ತಿದ್ದೇನೆ. ಆದರೆ ಮಗಳ ತೊಡೆಯ ಚರ್ಮ ಸುಕ್ಕಾಗಿ ಜೋತು ಬಿದ್ದಾಗ ಅವಳು ಉಳಿಯುವುದಿಲ್ಲ ಎಂದೇ ಹೆದರಿದ್ದೆ. ದವಾಖಾನೆಗೆ ಓಡಿದೆವು. ಕೂಸನ್ನು ಅಲ್ಲೇ ಇರಿಸಿಕೊಂಡರು. ತಾಯಿ ಎಷ್ಟು ನೀರು ಕುಡಿಯುತ್ತಾಳೆ ಎಂದು ನರ್ಸು ಕೇಳಿದಾಗ ಅತ್ತೆಯೇ ಹೆಮ್ಮೆಯಿಂದ ಉತ್ತರ ಕೊಟ್ಟರು: "ಒಂದು ಹನಿ ಹೆಚ್ಚಿಗಿ ಕೊಟ್ಟಿಲ್ಲರೀ!"

ನರ್ಸು ಹಣೆ ಹಣೆ ಚಚ್ಚಿಕೊಂಡಳು. "ನೀರಡಿಸಿದಾಗೆಲ್ಲ ಕೊಡ್ರೆಮ್ಮಾ. ಬಾಟ್ಲಿ ಬಿಡಸ್ತೀವಿ, ಕೂಸಿನ್ನ ಮ್ಯಾಲಿಂದ ಮ್ಯಾಲೆ ಎದಿಗೆ ಹಚ್ರಿ. ಅದು ಚೀಪಿದಷ್ಟೂ ಹಾಲು ಬರ್ತೈತಿ."

ಅತ್ತೆ ಜಗಳಕ್ಕೆ ನಿಲ್ಲುತ್ತಾರೆಂದು ಕಾದೆ. ನಿಲ್ಲಲಿಲ್ಲ. ಅಂದಿನಿಂದ ನಾನು ಬೇಡವೆಂದರೂ ಬಿಡದೆ ನೀರಿನ ಚರಿಗೆ ಹಿಡಿದು ಬೆನ್ನು ಹತ್ತಿದರು. ಮೊದಮೊದಲು ಎದೆಗೆ ಹಚ್ಚಿದರೆ ಮಗಳು ಮುಖ ತಿರುಗಿಸುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ಗಟ್ಟಿಯಾಗಿ ಹಿಡಿದು ಗುಟುಕು ಗುಟುಕಾಗಿ ಕುಡಿದಳು. ಆ ಸದ್ದು ಕೇಳಿ ನನಗೆ ಅಳು ಬಂತು. ಪಕ್ಕದಲ್ಲಿದ್ದ ಅತ್ತೆ ನನಗಿಂತ ಮೊದಲೇ ಅಳುತ್ತಿದ್ದರು.

"ನನ್ನ ಮೊದಲನೇ ಕೂಸೂ ಹಿಂಗ ಸೊರಗಿ ಸೊರಗಿ ಹೋತವ್ವ," ಎಂದರು. "‘ನಿನ್ನ ಎದಿಯಾಗ ಹಾಲ ಇಲ್ಲ’ ಅಂದ್ರು ನನಗ ಎಲ್ಲಾರೂ. ಇಷ್ಟು ವರ್ಷ ನಾನೂ ಹೌದಂತನ ನಂಬಿದ್ದೆ."