ಲಕ್ಕವ್ವ ದುರ್ಬೀನು ಆರಿಸಿದ್ದು

ನಮ್ಮ ಕಡೆ ವರನನ್ನು ನೋಡುವುದು ಗಂಡಸರ ಕೆಲಸ. ಹೆತ್ತವಳಿಗೆ ಅಳಿಯನ ಮುಖ ಕಾಣುವುದು ಅಕ್ಕಿಕಾಳು ಬೀಳುವ ಹೊತ್ತಿಗೆ. ಆಮೇಲೆ ನೋಡಿ ಮಾಡುವುದೇನು, ಮಣ್ಣು?

ನಾಲತವಾಡದ ನನ್ನ ನೆರೆಯವಳಾದ ಲಕ್ಕವ್ವನಿಗೆ ಕಸ್ತೂರೆವ್ವ ಒಬ್ಬಳೇ ಮಗಳು. ೧೯೭೪ರ ಬಿಳಿಜೋಳದ ಕೊಯ್ಲಿನ ಹೊತ್ತಿಗೆ ಬಾಗೇವಾಡಿ ಕಡೆಯ ಸಂಬಂಧ ಬಂತು. ಲಕ್ಕವ್ವನ ಗಂಡ ಪರಪ್ಪ ನಾಲ್ವರು ಹಿರಿಯರೊಂದಿಗೆ ಹೋಗಿ, ಉಂಡು, ಹುಡುಗ ಬಂಗಾರ ಅಂತ ಒಪ್ಪಿ ಬಂದ.

"ಹೋಳಿಗಿ ಉಂಡ ಬಾಯಿ ಖರೆ ಹೇಳತೈತೇನವ್ವಾ? ನಾನ ನೋಡ್ತೇನಿ," ಎಂದಳು ಲಕ್ಕವ್ವ ನನಗೆ. ಮರುದಿನವೇ ನನ್ನನ್ನು ಮುದ್ದೇಬಿಹಾಳದ ಸಂತೆಗೆ ಎಳೆದೊಯ್ದಳು.

ಅಲ್ಲಿ ಗೈಬುಸಾಬ ಹಳೆಯ ಗಡಿಯಾರ, ದುರ್ಬೀನು ಮಾರುತ್ತಿದ್ದ. ಒಂದನ್ನು ಎತ್ತಿಕೊಟ್ಟ. "ತಗೋಳ್ರಿ ಯಕ್ಕಾ, ಇಪ್ಪತ್ತು ಪಟ್ಟು ದೊಡ್ಡದು ತೋರಸ್ತೈತಿ!"

ಲಕ್ಕವ್ವ ಅದನ್ನು ಎದುರಿನ ಸುಣ್ಣದ ಗೋಡೆಯತ್ತ ಹಿಡಿದಳು. "ಯಣ್ಣಾ, ನಾ ನೋಡೂದು ಬಿಳಿ ಗ್ವಾಡಿ. ನಿನ್ನ ದುರ್ಬೀನ ಅದಕ್ಕ ಇಳಕಲ್ ಸೀರಿ ಅಂಚು ಹಚ್ಚೇತಿ. ಕೆಂಪು ಬ್ಯಾರೆ, ನೀಲಿ ಬ್ಯಾರೆ!"

ಇನ್ನೊಂದರಲ್ಲಿ ನೆಟ್ಟಗಿನ ದೀಪದ ಕಂಬ ಬಿಲ್ಲಿನಂತೆ ಬಾಗಿತ್ತು. ಮತ್ತೊಂದರ ಮುಂದಿನ ಗಾಜು ಸಣ್ಣದು, ನಡುಮಧ್ಯಾಹ್ನವೇ ಸಂಜೆಯಾಯಿತು. ಮಗದೊಂದನ್ನು ತಿರುಗಿಸಿ ಬಿಸಿಲಿಗೆ ಹಿಡಿದರೆ ಒಳಗೆಲ್ಲ ಬೂಷ್ಟು. "ಹಿಂಗಾದ ಉಪ್ಪಿನಕಾಯಿ ನಾ ತಿಪ್ಪಿಗೆ ಚೆಲ್ಲತೇನಿ," ಎಂದಳು. ಗೈಬುಸಾಬನ ಮುಖ ಹುಳ್ಳಗಾಯಿತು.

ಕೊನೆಗೆ ಅಗಲ ಗಾಜಿನದೊಂದು ಸಿಕ್ಕಿತು. ಬಣ್ಣದ ಅಂಚಿಲ್ಲ, ಕಂಬ ಬಾಗಿಲ್ಲ, ಬೆಳಕು ಫಳಫಳ. ತೊಂದರೆ ಒಂದೇ: ಪಟ್ಟು ಜಾಸ್ತಿ, ಭಾರವೂ ಜಾಸ್ತಿ. ಕೈಯಲ್ಲಿ ಹಿಡಿದರೆ ಕಂಬ, ಗೋಡೆ, ಕತ್ತೆ ಎಲ್ಲ ಕುಣಿಯುತ್ತಿದ್ದವು.

"ಎದರ ಮ್ಯಾಗರ ಇಟಗೊಂಡ ನೋಡ್ರಿ ಯಕ್ಕಾ," ಎಂದ ಗೈಬುಸಾಬ.

"ಇಡಾಕ ನಮ್ಮನ್ಯಾಗ ಒಂದು ಕಲ್ಲು ಐತಿ ಬಿಡು," ಎಂದಳು. ಯಾವ ಕಲ್ಲು ಎಂದು ನನಗೆ ಆಗ ತಿಳಿಯಲಿಲ್ಲ.

ಬಾಗೇವಾಡಿಯ ಬಸವಣ್ಣನಿಗೆ ಕಾಯಿ ಒಡೆಸಬೇಕೆಂದು ಹೇಳಿ ಗಂಡನಿಂದ ಚಕ್ಕಡಿ ಹೂಡಿಸಿದಳು. ನಾನೂ ಹತ್ತಿದೆ, ಇಂಥದನ್ನು ತಪ್ಪಿಸಿಕೊಳ್ಳಲು ನನಗೇನು ಹುಚ್ಚೇ? ಬೀಗರ ಊರು ಹತ್ತಿರವಾದಾಗ ದಿಬ್ಬದ ಮೇಲೆ ಚಕ್ಕಡಿ ನಿಲ್ಲಿಸಿದಳು. ಕೆಳಗೆ ಅವರದೇ ಹೊಲ. ಗಂಡನನ್ನು ಕೂಡಿಸಿ, ಅವನ ಹೆಗಲ ಮೇಲೆ ದುರ್ಬೀನು ಇಟ್ಟಳು.

"ಏ, ಏನಿದು? ಯಾರರ ನೋಡಿದ್ರ ಮರ್ಯಾದಿ..."

"ಮಾತಾಡಬ್ಯಾಡ್ರಿ, ಹೊಲ ಅಳ್ಳಾಡತೈತಿ. ಹುಡುಗ ಯಾಂವ ಅಷ್ಟ ಹೇಳ್ರಿ."

"ಕೆಂಪು ರುಮಾಲಿನಾಂವ," ಎಂದು ಗೊಣಗಿ, ಪರಪ್ಪ ಉಸಿರು ಬಿಗಿಹಿಡಿದು ಕುಳಿತ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

"ಮೈಕಟ್ಟು ಚಲೋ ಐತಿ," ಎಂದಳು ಲಕ್ಕವ್ವ. "ಕೆಲಸಾನೂ ಮಾಡ್ತಾನ. ಅವ್ವ ಬುತ್ತಿ ತಂದ್ಲು. ಕುಂತ. ಬಿಚ್ಚಿದ." ಬಹಳ ಹೊತ್ತಿನ ಮೇಲೆ ದುರ್ಬೀನು ಇಳಿಸಿದಳು.

"ಏನಾತವ್ವಾ?" ಎಂದೆ.

"ಪಲ್ಲೆ ರುಚಿ ಹತ್ತಲಿಲ್ಲೋ ಏನೋ, ರೊಟ್ಟಿ ಮಣ್ಣಾಗ ಒಗೆದ. ಆಕಿ ಪಿಟಕ್ಕನಲಿಲ್ಲ. ಎತ್ತಿ, ಮಣ್ಣು ಝಾಡಿಸಿ, ತಾನ ತಿಂದ್ಲು."

"ಹಸದಾಗ ಗಂಡಸರಿಗೆ ಸಿಟ್ಟು ಬರತೈತಿ," ಎಂದ ಪರಪ್ಪ.

"ಗೊತ್ತೈತ್ರಿ. ನಾನೂ ಅಂಥಾ ರೊಟ್ಟಿ ತಿಂದಾಕಿನ. ನನ್ನ ಮಗಳು ತಿನ್ನಬಾರದು."

ಸಿಟ್ಟಿನಿಂದ ಹೇಳಿದ್ದರೆ ಅವನೂ ಕೂಗಾಡುತ್ತಿದ್ದನೇನೋ. ಅವಳು ಮೆಲ್ಲಗೆ ಹೇಳಿದಳು. ಪರಪ್ಪ ನೆಲ ನೋಡುತ್ತ ಕುಳಿತ. ನನಗೆ ನಗು ಹಾರಿಹೋಯಿತು. ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು.

ಸಂಬಂಧ ತಂದಿದ್ದ ಸಂಗಣ್ಣ ಮರುದಿನ ನಿಶ್ಚಯದ ಮಾತಿಗೆ ಬಂದ. ಲಕ್ಕವ್ವ ಬಾಗಿಲ ಹಿಂದೆ, ಅವಳ ಪಕ್ಕದಲ್ಲಿ ನಾನು. ಪರಪ್ಪ ಬ್ಯಾಡ ಎಂದುಬಿಟ್ಟ.

"ಯಾಕ್ರಿ ಯಜಮಾನ್ರ? ನೀವ ಒಪ್ಪಿ ಬಂದೀರಿ. ಹುಡುಗನ್ದು ಏನರ ಐಬು ಕಂಡ್ರೇನು?"

ಪರಪ್ಪ ತಲೆ ಕೆರೆದುಕೊಂಡ.

"ಐಬು ಅಂದ್ರ... ಹುಡುಗ ನನ್ನಂಗ ಅದಾನಪಾ."